ಪ್ಯಾಕೆಟ್ ಟೊಮೆಟೊ ಸೂಪಿನ ರುಚಿ ಮನೆಯಲ್ಲಿ ಯಾಕೆ ಬರ್ತಿಲ್ಲ?

ಉಪ್ಪಿನಡಬ್ಬಿ:
ಎಲ್ಲರಿಗೂ ನಮಸ್ಕಾರ. ಒಂದು ವಿಚಿತ್ರ ಸಹಾಯ ಬೇಕಿತ್ತು. ಚಿಕ್ಕವಳಿದ್ದಾಗ ನೆಗಡಿ ಜ್ವರ ಬಂದರೆ ಅಮ್ಮ ಒಂದು ಪ್ಯಾಕೆಟ್ ಟೊಮೆಟೊ ಸೂಪ್ ಮಾಡಿ ಕೊಡುತ್ತಿದ್ದರು. ಆ ಕಂಪನಿಯವರು ಈಗ ಅದನ್ನು ಮಾಡುವುದನ್ನೇ ನಿಲ್ಲಿಸಿಬಿಟ್ಟಿದ್ದಾರೆ. ಬೇರೆ ಮೂರು ಕಂಪನಿಗಳದ್ದು ತಂದು ನೋಡಿದೆ. ಯಾವುದೂ ಅದರಂತಿಲ್ಲ.

ಸರಿ, ಮನೆಯಲ್ಲೇ ಮಾಡೋಣ ಅಂತ ಹೊರಟೆ. ಚೆನ್ನಾಗಿ ಹಣ್ಣಾದ ಟೊಮೆಟೊ ತಂದು, ಬೆಳ್ಳುಳ್ಳಿ ಜೊತೆ ಓವನ್‌ನಲ್ಲಿ ಸುಟ್ಟು, ರುಬ್ಬಿ, ಸೋಸಿ, ಬೆಣ್ಣೆ ಹಾಕಿ ಮಾಡಿದೆ. ಸೂಪ್ ಚೆನ್ನಾಗಿತ್ತು. ತುಂಬಾನೇ ಚೆನ್ನಾಗಿತ್ತು. ಅದೇ ತೊಂದರೆ. ನನ್ನ ತಮ್ಮ ಒಂದು ಚಮಚ ಕುಡಿದು, "ಅಕ್ಕಾ, ಇದು ಹೋಟೆಲ್ ಸೂಪ್ ಕಣೇ. ಜ್ವರದ ಸೂಪ್ ಅಲ್ಲ" ಅಂದ.

ಮೂರು ಸಲ ಮಾಡಿದ್ದಾಯಿತು. ಅಮ್ಮನ ಡಬ್ಬಿಗಳನ್ನು ತಡಕಾಡಿದಾಗ ಒಂದು ಹಳೇ ಕವರ್ ಸಿಕ್ಕಿತು. ಅದರಲ್ಲಿ ಲವಂಗ ತುಂಬಿ ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದರು. ಹಿಂದೆ ಬರೆದಿರೋದು ಹೀಗಿದೆ: ಸಕ್ಕರೆ, ಕಾರ್ನ್ ಸ್ಟಾರ್ಚ್, ಟೊಮೆಟೊ ಪುಡಿ, ಉಪ್ಪು, ಈರುಳ್ಳಿ ಪುಡಿ, ಬೆಳ್ಳುಳ್ಳಿ ಪುಡಿ, ಸಿಟ್ರಿಕ್ ಆಸಿಡ್, 627, 631. ಮುಂದಿನದ್ದು ಅಳಿಸಿಹೋಗಿದೆ. ಯಾರಾದರೂ ಇಂಥ ಪ್ರಯತ್ನ ಮಾಡಿದ್ದೀರಾ?

ಸೌಟುಗಾರ:
ಉತ್ತರ ನಿಮ್ಮ ಕೈಯಲ್ಲೇ ಇದೆಯಲ್ಲ. ಕವರ್ ಹಿಂದಿನ ಪಟ್ಟಿಯಲ್ಲಿ ಯಾವುದರ ತೂಕ ಜಾಸ್ತಿಯೋ ಅದು ಮೊದಲು ಬರುತ್ತೆ. ನಿಮ್ಮದರಲ್ಲಿ ಸಕ್ಕರೆ ಮೊದಲು, ಟೊಮೆಟೊ ಮೂರನೇ ಜಾಗದಲ್ಲಿದೆ. ನೀವು ಒಂದು ಪಾತ್ರೆ ಟೊಮೆಟೊ ಸುರಿದು ಅದೇ ರುಚಿ ಹುಡುಕಿದರೆ ಎಲ್ಲಿಂದ ಬರಬೇಕು? ಅವರು ಕೊಡುತ್ತಿದ್ದದ್ದು ಟೊಮೆಟೊ ಬಣ್ಣದ ಸಿಹಿ ಹುಳಿ ಅಂಬಲಿ. ಬೈಯ್ಯುತ್ತಿಲ್ಲ, ನನಗೂ ಅದು ಇಷ್ಟವೇ.

ತಾಜಾ ಟೊಮೆಟೊ ಬಿಡಿ. ಅದರಲ್ಲಿ ನೂರಕ್ಕೆ 94 ಪಾಲು ನೀರು. ಒಣ ಪುಡಿಯಿಂದ ಶುರು ಮಾಡಿ.

ನೇರನುಡಿ:
ಒಂದು ಬಟ್ಟಲು ಸೂಪಿಗೆ ಇಷ್ಟೆಲ್ಲಾ ಬೇಕಾ? ಸಿಗೋ ಪ್ಯಾಕೆಟ್ ತಂದು ಎರಡು ಚಮಚ ಸಕ್ಕರೆ ಹಾಕಿ ಕುಡಿದು ಮಲಗಿ.

ಉಪ್ಪಿನಡಬ್ಬಿ:
ಹಾಕಿ ನೋಡಿದೆ ಸ್ವಾಮಿ. ಕುಡಿದೆ. ಮಲಗೋಕಾಗಲಿಲ್ಲ, ಅದಕ್ಕೇ ರಾತ್ರಿ ಒಂದೂವರೆಗೆ ಇಲ್ಲಿ ಬರೆದದ್ದು.

ಲ್ಯಾಬ್‌ಕೋಟು:
ಆಹಾರ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲವು ವರ್ಷ ಕೆಲಸ ಮಾಡಿದವನು ನಾನು. ಈ ಪಟ್ಟಿ ನೋಡಿ ಹಳೇ ಸ್ನೇಹಿತ ಸಿಕ್ಕ ಹಾಗಾಯಿತು.

ನೀವು ಆ ಎರಡು ನಂಬರ್ ಕಡೆ ಗಮನ ಕೊಡಿ. 627 ಅಂದರೆ ಗ್ವಾನಿಲೇಟ್, 631 ಅಂದರೆ ಇನೋಸಿನೇಟ್. ಇವಕ್ಕೆ ತಮ್ಮದೇ ಆದ ರುಚಿ ಅಷ್ಟೇನೂ ಇಲ್ಲ. ಆದರೆ ಗ್ಲುಟಮೇಟ್ ಅನ್ನೋ ರುಚಿ ಕೊಡುವ ವಸ್ತುವಿನ ಪಕ್ಕದಲ್ಲಿ ಚೂರೇ ಚೂರು ಇದ್ದರೂ ಅದರ ರುಚಿಯನ್ನು ಹಲವು ಪಟ್ಟು ಏರಿಸುತ್ತವೆ. ಗ್ಲುಟಮೇಟನ್ನು 1908ರಲ್ಲಿ ಜಪಾನಿನ ಕಿಕುನೆ ಇಕೆಡಾ ಕಡಲಪಾಚಿಯ ಸಾರಿನಿಂದ ಬೇರ್ಪಡಿಸಿದರು. ಸಾರಿನ ಆ ತುಂಬು ರುಚಿಗೆ ಉಮಾಮಿ ಅಂತ ಹೆಸರಿಟ್ಟವರೂ ಅವರೇ. ಹಣ್ಣು ಟೊಮೆಟೊದಲ್ಲಿ ಗ್ಲುಟಮೇಟ್ ಧಾರಾಳವಾಗಿದೆ. ಅದಕ್ಕೇ ಟೊಮೆಟೊ ಸೂಪಿಗೆ 627 ಅಷ್ಟು ಚೆನ್ನಾಗಿ ಹೊಂದುತ್ತೆ.

ಮನೆಯಲ್ಲಿ ಇದಕ್ಕೆ ದಾರಿ ಒಣಗಿದ ಶಿಟಾಕೆ ಅಣಬೆ. ಅದರಲ್ಲಿ ಗ್ವಾನಿಲೇಟ್ ತಾನಾಗೇ ಇರುತ್ತೆ. ಮಿಕ್ಸಿಗೆ ಹಾಕಿ ನುಣ್ಣಗೆ ಪುಡಿ ಮಾಡಿ, ಒಂದು ಬಟ್ಟಲಿಗೆ ಕಾಲು ಚಮಚಕ್ಕಿಂತ ಜಾಸ್ತಿ ಬೇಡ. ಜಾಸ್ತಿಯಾದರೆ ಅಣಬೆ ಸೂಪ್ ಆಗುತ್ತೆ.

ಇನ್ನೊಂದು ಮಾತು. ಹುಳಿಗೆ ನಿಂಬೆಹಣ್ಣು ಹಿಂಡಬೇಡಿ, ವಿನೆಗರ್ ಕೂಡ ಬೇಡ. ಎರಡಕ್ಕೂ ವಾಸನೆ ಇದೆ. ಸಿಟ್ರಿಕ್ ಆಸಿಡ್‌ಗೆ ವಾಸನೆಯೇ ಇಲ್ಲ, ಬರೀ ಹುಳಿ. ಪ್ಯಾಕೆಟ್ಟಿನ ಹುಳಿ ನಾಲಿಗೆಯ ಪಕ್ಕಕ್ಕೆ ಚುರುಕ್ ಅಂತ ಹೊಡೆಯೋದು ಅದಕ್ಕೇ.

ಹಸಿರುಬಟ್ಟಲು:
ಕ್ಷಮಿಸಿ, ಮನೆಯಲ್ಲಿ ಮಾಡೋದೇ ಕೆಮಿಕಲ್ ತಪ್ಪಿಸೋಕೆ ಅಲ್ವಾ? ಅದನ್ನೇ ತಂದು ಹಾಕೋದಾದರೆ ಯಾಕೆ ಮಾಡಬೇಕು?

ಲ್ಯಾಬ್‌ಕೋಟು:
ಕೆಲವರು ಅದಕ್ಕೆ ಮಾಡ್ತಾರೆ, ಸರಿ. ಇವರು ಮಾಡ್ತಿರೋದು ಸಿಗದ ರುಚಿಗಾಗಿ. ಸಿಟ್ರಿಕ್ ಆಸಿಡ್ ಅಂದರೆ ನಿಂಬೆಯಲ್ಲಿರುವ ಅದೇ ಹುಳಿ. ಕಾರ್ಖಾನೆಯಲ್ಲಿ ಅದನ್ನು ಸಕ್ಕರೆ ಪಾಕದ ಮೇಲೆ ಆಸ್ಪರ್ಜಿಲಸ್ ನೈಗರ್ ಅನ್ನೋ ಬೂಷ್ಟು ಬೆಳೆಸಿ ತೆಗೆಯುತ್ತಾರೆ. ನಿಮಗೆ ಬೇಡ ಅನಿಸಿದರೆ ಬಿಡಿ, ಜಗಳ ಇಲ್ಲ. ಉಪ್ಪು ಮಾತ್ರ ನೋಡಿಕೊಂಡು ಹಾಕಿ. ಇಂಥ ಸೂಪಿನಲ್ಲಿ ನಾನು ಮೊದಲು ಲೆಕ್ಕ ಹಾಕೋದು ಅದನ್ನೇ.

ಗರಿಗರಿ:
ಸೂಪ್ ಬಗ್ಗೆ ಗೊತ್ತಿಲ್ಲ. ಆದರೆ ನನಗೂ ಇದೇ ಹುಚ್ಚು ಹಿಡಿದಿತ್ತು, ಆಲೂಗಡ್ಡೆ ಚಿಪ್ಸ್ ವಿಷಯದಲ್ಲಿ. ಬರೆದುಬಿಡ್ತೀನಿ, ಯಾರಿಗಾದರೂ ಉಪಯೋಗ ಆಗಲಿ.

ಮೊದಲು ನನ್ನ ಚಿಪ್ಸ್ ಎಲ್ಲ ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಒಳಗೆ ಮೆತ್ತಗೆ, ಹೊರಗೆ ಕಹಿ. ಎಣ್ಣೆ ಜಾಸ್ತಿ ಕಾದಿದೆ ಅಂತ ಉರಿ ಕಡಿಮೆ ಮಾಡಿದೆ. ಆಗ ಎಣ್ಣೆ ಕುಡಿದು ಒದ್ದೆ ಕಾಗದದ ಹಾಗಾಯಿತು. ಕೊನೆಗೆ ಗೊತ್ತಾಗಿದ್ದು, ತಪ್ಪು ಎಣ್ಣೆಯದ್ದಲ್ಲ, ಫ್ರಿಜ್‌ದು. ಆಲೂಗಡ್ಡೆಯನ್ನು ತಂಪಲ್ಲಿ ಇಟ್ಟರೆ ಅದರ ಪಿಷ್ಟ ಸಕ್ಕರೆಯಾಗುತ್ತಾ ಹೋಗುತ್ತೆ. ಆ ಸಕ್ಕರೆ ಬಿಸಿ ಎಣ್ಣೆಯಲ್ಲಿ ಬೇಗ ಕಂದಾಗುತ್ತೆ. ಅಷ್ಟೇ ಅಲ್ಲ, ಅಕ್ರಿಲಮೈಡ್ ಅನ್ನೋ ಬೇಡದ ವಸ್ತು ಹುಟ್ಟೋದೂ ಆ ಸಕ್ಕರೆಯಿಂದಲೇ. ಹುರಿದ, ಕರಿದ ತಿಂಡಿಯಲ್ಲಿ ಅದು ಇದೆ ಅಂತ 2002ರಲ್ಲಿ ಸ್ವೀಡನ್ನಿನವರು ಹೇಳಿದ ಮೇಲೆ ಚಿಪ್ಸ್ ಕಂಪನಿಗಳು ಆಲೂಗಡ್ಡೆ ಇಡುವ ರೀತಿಗೇ ತಲೆ ಕೆಡಿಸಿಕೊಂಡವು.

ಈಗ ನಾನು ಮಾಡೋದು ಹೀಗೆ. ಹೊರಗಿಟ್ಟ ಆಲೂಗಡ್ಡೆ, ಒಂದೂವರೆ ಮಿಲಿಮೀಟರ್ ದಪ್ಪದ ಬಿಲ್ಲೆ. ಬಿಲ್ಲೆ ಎತ್ತಿ ಹಿಡಿದರೆ ಆಚೆಗಿನ ಬೆರಳು ಮಸುಕಾಗಿ ಕಾಣಬೇಕು. ತಣ್ಣೀರಲ್ಲಿ ತೊಳೆಯೋದು, ನೀರು ತಿಳಿಯಾಗೋವರೆಗೂ. ಆಮೇಲೆ ಸ್ವಲ್ಪ ವಿನೆಗರ್ ಹಾಕಿದ ಕುದಿಯೋ ನೀರಲ್ಲಿ ಮೂರು ನಿಮಿಷ. ವಿನೆಗರ್ ಯಾಕೆ ಅಂದರೆ, ಹುಳಿ ನೀರಲ್ಲಿ ಆಲೂಗಡ್ಡೆಯನ್ನು ಅಂಟಿನ ಹಾಗೆ ಹಿಡಿದಿಡೋ ಪೆಕ್ಟಿನ್ ಕರಗೋದಿಲ್ಲ, ಬಿಲ್ಲೆ ಒಡೆಯೋದಿಲ್ಲ. ಬಟ್ಟೆ ಮೇಲೆ ಹರಡಿ ಚೆನ್ನಾಗಿ ಒಣಗಿಸಿ, 170 ಡಿಗ್ರಿ ಎಣ್ಣೆಗೆ ಸ್ವಲ್ಪ ಸ್ವಲ್ಪವೇ ಬಿಡೋದು.

ಯಾವಾಗ ತೆಗೆಯಬೇಕು ಅಂತ ಬಣ್ಣ ನೋಡಬೇಡಿ, ಗುಳ್ಳೆ ನೋಡಿ. ಆ ಗುಳ್ಳೆ ಆಲೂಗಡ್ಡೆಯಿಂದ ಹೊರಡೋ ನೀರಾವಿ. ಮೊದಲು ಚರ್ರ್ ಅಂತ ಗಲಾಟೆ ಮಾಡುತ್ತೆ. ಬರಬರುತ್ತಾ ಸದ್ದು ಸಣ್ಣದಾಗಿ, ಒಂದೆರಡು ಗುಳ್ಳೆ ಮಾತ್ರ ಉಳಿಯುತ್ತೆ. ಆಗ ಎತ್ತಿ. ಹಸಿ ಆಲೂಗಡ್ಡೆಯಲ್ಲಿ ನೂರಕ್ಕೆ 80 ಪಾಲು ನೀರಿದ್ದರೆ ಅಂಗಡಿ ಚಿಪ್ಸಲ್ಲಿ ಉಳಿಯೋದು ಬರೀ 2 ಪಾಲು. ಗರಿಗರಿ ಅನ್ನೋದರ ಗುಟ್ಟೆಲ್ಲ ಅಷ್ಟೇ. 1 ಕೆ.ಜಿ. ಆಲೂಗಡ್ಡೆಗೆ 300 ಗ್ರಾಂ ಚಿಪ್ಸ್ ಸಿಕ್ಕರೆ ಹೆಚ್ಚು.

ಉಪ್ಪನ್ನು ಮಿಕ್ಸಿಯಲ್ಲಿ ಹಿಟ್ಟಿನ ಹಾಗೆ ಪುಡಿ ಮಾಡಿ, ಬಿಸಿ ಇರುವಾಗಲೇ ಉದುರಿಸಿ. ಇದೊಂದನ್ನು ಮಾಡಿದ ದಿನ ನನ್ನ ಮಗಳು "ಪ್ಯಾಕೆಟ್ ಎಲ್ಲಿ ಬಚ್ಚಿಟ್ಟಿದೀಯಾ" ಅಂತ ಕಸದ ಬುಟ್ಟಿ ಹುಡುಕಿದಳು.

ಕದ್ದುತಿಂದವಳು:
ಪ್ಯಾಕೆಟ್ಟಲ್ಲಿ ತುಂಬಿರೋದು ಬರೀ ಗಾಳಿ ಅಂತ ನಾನು ಇಷ್ಟು ದಿನ ಬೈಯ್ಯುತ್ತಿದ್ದೆ 😄

ಗರಿಗರಿ:
ಅದು ಸಾರಜನಕ. ಆಮ್ಲಜನಕ ಇದ್ದರೆ ಎಣ್ಣೆ ಕಮಟು ಹಿಡಿಯುತ್ತೆ. ನಮ್ಮ ಮನೆ ಡಬ್ಬಿಯಲ್ಲಿ ಆ ಅನುಕೂಲ ಇಲ್ಲ, ಮೂರು ದಿನದಲ್ಲಿ ಮುಗಿಸಬೇಕು. ಮೂರು ದಿನ ಯಾವತ್ತೂ ಉಳಿದಿಲ್ಲ ಅನ್ನಿ.

ಮಜ್ಜಿಗೆಗಡಿಗೆ:
ಮಾರಾಯ್ರೇ, ಸೂಪಿನ ಅಕ್ಕನಿಗೆ ಒಂದು ಸುಲಭ ದಾರಿ ಹೇಳ್ತೇನೆ. ನಾನು ಬೆಳ್ಳುಳ್ಳಿ ಜಜ್ಜಿ ಎಣ್ಣೆಯಲ್ಲಿ ಮುಳುಗಿಸಿ ಬಾಟಲಿಯಲ್ಲಿ ಇಡುವುದು. ಒಲೆಯ ಪಕ್ಕದಲ್ಲೇ ಇರ್ತದೆ. ಯಾವ ಸೂಪಿಗಾದರೂ ಎರಡು ಹನಿ ಹಾಕಿದರೆ ಸಾಕು.

ಲ್ಯಾಬ್‌ಕೋಟು:
ಅದನ್ನು ಇವತ್ತೇ ಚೆಲ್ಲಿಬಿಡಿ, ದಯವಿಟ್ಟು. ತಮಾಷೆಗೆ ಹೇಳ್ತಿಲ್ಲ. ಹಸಿ ಬೆಳ್ಳುಳ್ಳಿ ಮಣ್ಣಿನಿಂದ ಬಂದದ್ದು, ಅದರ ಜೊತೆ ಕ್ಲಾಸ್ಟ್ರಿಡಿಯಮ್ ಬಾಟುಲಿನಮ್ ಅನ್ನೋ ವಿಷ ಮಾಡುವ ಬ್ಯಾಕ್ಟೀರಿಯಾದ ಬೀಜಕಣಗಳು ಬರಬಹುದು. ಗಾಳಿ ಇಲ್ಲದ, ಹುಳಿ ಇಲ್ಲದ, ಬೆಚ್ಚಗಿನ ಜಾಗ ಅಂದರೆ ಅವಕ್ಕೆ ಹಬ್ಬ. ಎಣ್ಣೆಯೊಳಗೆ ಮೂರೂ ಇವೆ. ಬಣ್ಣ, ವಾಸನೆ ಯಾವುದೂ ಬದಲಾಗದೇ ವಿಷ ಕೂಡಬಹುದು. ಬೇಕಾದಾಗ ಬೇಕಾದಷ್ಟೇ ಮಾಡಿಕೊಳ್ಳಿ. ಉಳಿದರೆ ಫ್ರಿಜ್‌ನಲ್ಲಿಟ್ಟು ಎರಡು ಮೂರು ದಿನದಲ್ಲಿ ಮುಗಿಸಿ. ಒಣ ಬೆಳ್ಳುಳ್ಳಿ ಪುಡಿಯಾದರೆ ಒಣ ಡಬ್ಬಿಯಲ್ಲಿ ಹೊರಗೇ ಇಡಬಹುದು.

ಮಜ್ಜಿಗೆಗಡಿಗೆ:
ದೇವರೇ. ಚೆಲ್ಲಿದೆ. ಬಾಟಲಿಯನ್ನೂ ಬಿಸಾಡಿದೆ.

ಉಪ್ಪಿನಡಬ್ಬಿ:
ವರದಿ ಒಪ್ಪಿಸ್ತಿದ್ದೀನಿ. ಟೊಮೆಟೊ ಬಿಲ್ಲೆ ಮಾಡಿ ಓವನ್‌ನಲ್ಲಿ 70 ಡಿಗ್ರಿಗೆ ಇಟ್ಟೆ, ಬಾಗಿಲಿಗೆ ಒಂದು ಮರದ ಸೌಟು ಸಿಕ್ಕಿಸಿ, ಹಬೆ ಹೊರಗೆ ಹೋಗಲಿ ಅಂತ. ಒಂಬತ್ತು ಗಂಟೆ ಹಿಡಿಯಿತು. ಮುರಿದರೆ ಟಕ್ ಅನ್ನೋ ಹಾಗೆ ಒಣಗಿತು. ಪುಡಿ ಮಾಡಿ ಡಬ್ಬಿಗೆ ಹಾಕಿಟ್ಟೆ. ಮಾರನೇ ದಿನ ನೋಡಿದರೆ ಡಬ್ಬಿಯಲ್ಲಿ ಇಟ್ಟಿಗೆ! ಸುತ್ತಿಗೆ ತರಬೇಕಾಯಿತು.

ಆದರೂ ಅದನ್ನೇ ಕೆರೆದು ಒಂದು ಬಟ್ಟಲಿಗೆ ಮಾಡಿದೆ. 250 ಮಿ.ಲೀ. ನೀರಿಗೆ ಟೊಮೆಟೊ ಪುಡಿ 2 ಚಮಚ, ಕಾರ್ನ್‌ಫ್ಲೋರ್ 2 ಚಮಚ, ಸಕ್ಕರೆ ಎರಡಕ್ಕಿಂತ ಚೂರು ಜಾಸ್ತಿ, ಉಪ್ಪು ಅರ್ಧ ಚಮಚಕ್ಕಿಂತ ಕಡಿಮೆ, ಈರುಳ್ಳಿ ಪುಡಿ ಕಾಲು ಚಮಚ, ಬೆಳ್ಳುಳ್ಳಿ ಪುಡಿ ಒಂದು ಚಿಟಿಕೆ, ಅಣಬೆ ಪುಡಿ ಒಂದು ಚಿಟಿಕೆ, ಸಿಟ್ರಿಕ್ ಆಸಿಡ್ ಎರಡು ಬೆರಳಲ್ಲಿ ಸಿಕ್ಕಷ್ಟು. ಮೊದಲ ಗುಟುಕಿಗೆ ನನ್ನ ಮೈ ಜುಮ್ ಅಂತು. ಹತ್ತಿರ ಬಂದಿದೆ! ಇನ್ನೂ ಅದೇ ಆಗಿಲ್ಲ, ಆದರೆ ಒಂದೇ ಮನೆಯವರು ಅನ್ನಿಸೋ ಹಾಗಿದೆ.

ಒಂದು ಅನುಮಾನ. ತಮ್ಮನಿಗೆ ಅಂತ ಅರ್ಧ ತೆಗೆದು ಫ್ರಿಜ್‌ನಲ್ಲಿ ಇಟ್ಟಿದ್ದೆ. ಬೆಳಿಗ್ಗೆ ನೋಡಿದರೆ ನೀರು ನೀರು. ರಾತ್ರಿ ಅಷ್ಟು ಮಂದ ಇತ್ತು. ಕಾರ್ನ್‌ಫ್ಲೋರ್ ಹಳೇದಾ?

ಸೌಟುಗಾರ:
ಸಿಟ್ರಿಕ್ ಆಸಿಡ್ ಯಾವಾಗ ಹಾಕಿದಿರಿ? ಹುಳಿ ಜೊತೆ ತುಂಬಾ ಹೊತ್ತು ಕುದಿಸಿದರೆ ಪಿಷ್ಟ ಸಡಿಲವಾಗುತ್ತೆ. ಒಲೆ ಆರಿಸಿದ ಮೇಲೆ ಹಾಕಿ. ಇಟ್ಟಿಗೆಗೆ ಮದ್ದು ಬಹಳ ಸುಲಭ. ಟೊಮೆಟೊದ ಸಕ್ಕರೆ ಗಾಳಿಯ ತೇವ ಎಳೆಯುತ್ತೆ. ಪುಡಿ ಮಾಡುವಾಗಲೇ ನಿಮ್ಮ ಕಾರ್ನ್‌ಫ್ಲೋರ್ ಅದಕ್ಕೆ ಬೆರೆಸಿಬಿಡಿ. ಹೇಗಿದ್ದರೂ ಹಾಕೋದೇ ತಾನೆ.

ಲ್ಯಾಬ್‌ಕೋಟು:
ಹುಳಿ ಇರಬಹುದು. ಆದರೆ ನಾನು ಒಂದು ಪ್ರಶ್ನೆ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ರುಚಿ ನೋಡಿದ ಚಮಚವನ್ನೇ ಮತ್ತೆ ಅದ್ದಿದಿರಾ?

ಉಪ್ಪಿನಡಬ್ಬಿ:
...ನಾಲ್ಕೈದು ಸಲ.

ಲ್ಯಾಬ್‌ಕೋಟು:
ಹಾಗಾದರೆ ಕಳ್ಳ ಸಿಕ್ಕಿದ. ಎಂಜಲಲ್ಲಿ ಅಮೈಲೇಸ್ ಅನ್ನೋ ಕಿಣ್ವ ಇರುತ್ತೆ, ಅದರ ಕೆಲಸವೇ ಪಿಷ್ಟ ಒಡೆಯೋದು. ಸೂಪ್ ಕುದಿಯುತ್ತಿದ್ದರೆ ಅದು ಸತ್ತುಹೋಗುತ್ತೆ. ಉಗುರುಬೆಚ್ಚಗಿದ್ದಾಗ ಅದ್ದಿದರೆ ರಾತ್ರಿಯೆಲ್ಲ ಕೂತು ಕೆಲಸ ಮಾಡುತ್ತೆ. ಎರಡು ಚಮಚ ಇಟ್ಟುಕೊಳ್ಳಿ.

ಕದ್ದುತಿಂದವಳು:
ಎಂಜಲು ಮಾಡಬೇಡ ಅಂತ ನಮ್ಮಜ್ಜಿ ಬೈಯ್ಯುತ್ತಿದ್ದದ್ದು ಈಗ ಅರ್ಥ ಆಯ್ತು.

ಅರ್ಧಚಮಚ:
ಸೂಪಿನ ದಾರಿಯಲ್ಲಿ ಸಿಟ್ರಿಕ್ ಆಸಿಡ್ ಮನೆಗೆ ಬಂದಿದೆ ಅಂದರೆ ಚೀಸ್ ಸಾಸ್ ಮಾಡದೇ ಬಿಡಬೇಡಿ. ಪಾಸ್ತಾ ಮೇಲೆ ಸುರಿಯೋ ಆ ಹೊಳೆಯೋ ಹಳದಿ ಸಾಸ್. ಒಳ್ಳೆಯ ಚೀಸನ್ನು ಸುಮ್ನೆ ಹಾಲಲ್ಲಿ ಬಿಸಿ ಮಾಡಿದರೆ ಒಂದು ಕಡೆ ರಬ್ಬರ್ ಉಂಡೆ, ಇನ್ನೊಂದು ಕಡೆ ಎಣ್ಣೆ. ಅದು ಒಡೆಯದ ಹಾಗೆ ಹಿಡಿದಿಡೋದು ಸಿಟ್ರಿಕ್ ಆಸಿಡ್‌ನಿಂದ ಆಗೋ ಸೋಡಿಯಂ ಸಿಟ್ರೇಟ್ ಅನ್ನೋ ಲವಣ. 1911ರಲ್ಲಿ ಸ್ವಿಟ್ಜರ್ಲೆಂಡಿನ ವಾಲ್ಟರ್ ಗರ್ಬರ್, ಫ್ರಿಟ್ಜ್ ಸ್ಟೆಟ್ಲರ್ ಇದನ್ನು ಹಾಕಿಯೇ ಕರಗಿಸಿದ ಚೀಸ್ ಮಾಡಿದ್ದು.

ಅದನ್ನು ಕೊಳ್ಳಬೇಕಾಗಿಲ್ಲ. 3 ಗ್ರಾಂ ಸಿಟ್ರಿಕ್ ಆಸಿಡ್, 4 ಗ್ರಾಂ ಅಡುಗೆ ಸೋಡಾ, ಎರಡು ದೊಡ್ಡ ಚಮಚ ನೀರು. ಬುಸ್ ಅಂತ ಉಕ್ಕುತ್ತೆ, ದೊಡ್ಡ ಪಾತ್ರೆ ಇಟ್ಟುಕೊಳ್ಳಿ. ಬಿಸಿ ಮಾಡಿ, ಗುಳ್ಳೆ ಪೂರ್ತಿ ನಿಂತ ಮೇಲೆ 100 ಮಿ.ಲೀ. ಹಾಲು ಹಾಕಿ. ಹಬೆ ಬಂದಾಗ 100 ಗ್ರಾಂ ತುರಿದ ಚೆಡ್ಡಾರ್ ಚೂರು ಚೂರೇ ಸೇರಿಸುತ್ತಾ ಕದಡಿ. ನನಗೆ ಮೊದಲ ಸಲ ಆತುರ. ಗುಳ್ಳೆ ನಿಲ್ಲೋ ಮೊದಲೇ ಹಾಲು ಸುರಿದೆ. ಒಡೆದ ಹಾಲನ್ನು ನೋಡುತ್ತಾ ಐದು ನಿಮಿಷ ನಿಂತಿದ್ದೆ.

ಸುಟ್ಟಪಾತ್ರೆ:
ಮನೆಯಲ್ಲಿ ಮಾಡಬಾರದ್ದರ ಬಗ್ಗೆ ಯಾರೂ ಹೇಳೋದಿಲ್ಲ, ನಾನು ಹೇಳ್ತೀನಿ. ಕೆಚಪ್. 2 ಕೆ.ಜಿ. ಟೊಮೆಟೊ, ಎರಡು ಗಂಟೆ ಕುದಿತ, ಗೋಡೆಯೆಲ್ಲ ಕೆಂಪು ಚುಕ್ಕಿ, ಕೊನೆಗೆ ಸಿಕ್ಕಿದ್ದು ಅರ್ಧ ಬಾಟಲಿ. ಒಂದು ವಾರದಲ್ಲಿ ಮೇಲೆ ನೀರು, ಕೆಳಗೆ ಗಸಿ. ರುಚಿ ನೋಡಿದವರೆಲ್ಲ "ಅಂಗಡಿದೇ ಇದ್ದರೆ ಕೊಡಿ" ಅಂದರು.

ಮಾಡಲೇಬೇಕು ಅನ್ನೋರಿಗೆ ಒಂದು ಕಿವಿಮಾತು: ಟೊಮೆಟೊ ಹೆಚ್ಚಿ ಬಟ್ಟಲಲ್ಲಿ ಇಡಬೇಡಿ. ಹೆಚ್ಚಿದ ತಕ್ಷಣ ಅದರೊಳಗಿನ ಕಿಣ್ವಗಳು ಪೆಕ್ಟಿನ್ ಒಡೆಯೋಕೆ ಶುರು ಮಾಡುತ್ತವೆ, ಸಾಸ್ ತೆಳ್ಳಗಾಗುತ್ತೆ. ಕಾದ ಬಾಣಲೆಗೆ ನೇರವಾಗಿ ಹೆಚ್ಚಿ ಹಾಕಿ. ಕಾರ್ಖಾನೆಯವರೂ ಟೊಮೆಟೊ ಜಜ್ಜಿದ ಕೂಡಲೇ 90 ಡಿಗ್ರಿ ದಾಟಿಸೋದು ಅದಕ್ಕೇ.

ಶೇಂಗಾ ಬೆಣ್ಣೆ ಮಾತ್ರ ಕಣ್ಣು ಮುಚ್ಚಿ ಮಾಡಿ. ಹುರಿದು ಬಿಸಿ ಇರುವಾಗಲೇ ಮಿಕ್ಸಿಗೆ. ಪುಡಿಯಾಗುತ್ತೆ, ಆಮೇಲೆ ಉಂಡೆ ಕಟ್ಟುತ್ತೆ, ಇಲ್ಲೇ ಎಲ್ಲರೂ ಕೈಚೆಲ್ಲಿ ನೀರು ಸುರಿದು ಕೆಡಿಸೋದು. ಸುಮ್ನೆ ಇರಿ. ಇನ್ನೆರಡು ನಿಮಿಷಕ್ಕೆ ತಾನಾಗೇ ಎಣ್ಣೆ ಬಿಟ್ಟು ಹರಿಯುತ್ತೆ.

ನಿದ್ದೆಗೇಡಿ:
ಇಲ್ಲಿವರೆಗೂ ಎಲ್ಲಾ ಓದಿದೆ. ನನಗೆ ಈಗ ನೆಗಡಿ, ಅದಕ್ಕೇ ಹೊಳೆದದ್ದಿರಬೇಕು. ಉಪ್ಪಿನಡಬ್ಬಿಯವರೇ, ನೀವು ಆ ಸೂಪ್ ಕುಡಿದಾಗಲೆಲ್ಲ ನಿಮ್ಮ ಮೂಗು ಕಟ್ಟಿರುತ್ತಿತ್ತು ಅಲ್ವಾ? ಮೂಗು ಕಟ್ಟಿದರೆ ಪರಿಮಳ ಯಾವುದೂ ತಿಳಿಯಲ್ಲ. ನಾಲಿಗೆಗೆ ಸಿಗೋದು ಸಿಹಿ, ಹುಳಿ, ಉಪ್ಪು, ಕಹಿ, ಉಮಾಮಿ ಅಷ್ಟೇ. ಸುಟ್ಟ ಬೆಳ್ಳುಳ್ಳಿ, ಬೆಣ್ಣೆ ಘಮ ಎಲ್ಲಾ ನಿಮ್ಮ ನೆನಪಲ್ಲಿ ಇರೋಕೇ ಸಾಧ್ಯ ಇಲ್ಲ. ಒಮ್ಮೆ ಮೂಗು ಹಿಡಿದುಕೊಂಡು ಕುಡಿದು ನೋಡಿ.

ಲ್ಯಾಬ್‌ಕೋಟು:
ಇದು ನನಗೆ ಹೊಳೆಯಬೇಕಿತ್ತು. ಭಲೇ.

ಉಪ್ಪಿನಡಬ್ಬಿ:
ನಿದ್ದೆಗೇಡಿಯವರೇ, ನಿಮ್ಮ ನೆಗಡಿ ಬೇಗ ವಾಸಿಯಾಗಲಿ. ಮೂಗು ಹಿಡಿದು ಕುಡಿದೆ. ಅಡುಗೆಮನೆಯಲ್ಲಿ ನಿಂತವಳು ಹಾಗೇ ನೆಲಕ್ಕೆ ಕೂತೆ. ಅದೇ. ಹೊದಿಕೆ, ಮಂದ ದೀಪ, ಹಣೆ ಮೇಲಿನ ಒದ್ದೆ ಬಟ್ಟೆ, ಎಲ್ಲಾ ಬಂತು. ಮೂಗು ಬಿಟ್ಟೆ, ಹೋಯಿತು. ಅಣಬೆ ವಾಸನೆ ಅಡ್ಡ ಬರ್ತಿತ್ತು. ಅದನ್ನು ಅರ್ಧ ಮಾಡಿದೆ, ಬೆಳ್ಳುಳ್ಳಿ ಪೂರ್ತಿ ಬಿಟ್ಟೆ. ಈಗ ಮೂಗು ಬಿಟ್ಟರೂ ಬಹಳ ಹತ್ತಿರ.

ಭಾನುವಾರ ತಮ್ಮ ಬರ್ತಾನೆ. ಅವನಿಗೆ ಏನೂ ಹೇಳದೇ ಕೊಡ್ತೀನಿ.

ಸೌಟುಗಾರ:
ಕಾಯ್ತಿರ್ತೀವಿ.

ನೇರನುಡಿ:
ನಾನೂ. (ಹೌದು, ನಾನೇ.)

ಉಪ್ಪಿನಡಬ್ಬಿ:
ತಮ್ಮ ಬಂದ. ಕುಡಿದ. ಕಣ್ಣು ಮುಚ್ಚಿ ಇನ್ನೊಂದು ಚಮಚ ಕುಡಿದ. "ರುಚಿ ಅದೇ ಅಕ್ಕಾ. ಆದರೆ ಏನೋ ಕಡಿಮೆ ಇದೆ" ಅಂದ. ಉಪ್ಪಾ? ಅಲ್ಲ. ಹುಳಿಯಾ? ಅಲ್ಲ. ಬಟ್ಟಲನ್ನೇ ನೋಡುತ್ತಾ ಕೂತ. ಆಮೇಲೆ, "ಗಂಟು! ಇದರಲ್ಲಿ ಗಂಟೇ ಇಲ್ಲವಲ್ಲ" ಅಂದ.

ಅಮ್ಮನಿಗೆ ಫೋನ್ ಹಚ್ಚಿದೆ. "ಕವರ್ ಮೇಲೆ ತಣ್ಣೀರಲ್ಲಿ ಕಲಸಿ ಅಂತ ಬರೆದಿತ್ತು ಕಣೇ. ಇಬ್ಬರಿಗೂ ಜ್ವರ, ನಂಗೆ ಕಲಸ್ತಾ ಕೂರೋಕೆ ಪುರುಸೊತ್ತೆಲ್ಲಿತ್ತು? ಕುದಿಯೋ ನೀರಿಗೇ ಸುರೀತಿದ್ದೆ" ಅಂದರು.

ನಾನು ಎರಡು ವಾರದಿಂದ ತಣ್ಣೀರಲ್ಲಿ ನಯವಾಗಿ ಕಲಸಿ, ಸೋಸಿ ಹಾಕ್ತಿದ್ದೀನಿ! ಮತ್ತೆ ನೀರು ಕಾಯಿಸಿದೆ. ಕುದಿ ಬಂದ ಮೇಲೆ ಪುಡಿಯನ್ನು ಒಂದೇ ಸಲಕ್ಕೆ ಸುರಿದೆ. ಹೊರಗಿನ ಪಿಷ್ಟ ಕ್ಷಣದಲ್ಲಿ ಬೆಂದು ಗೋಡೆ ಕಟ್ಟಿತು, ಒಳಗೆ ಒಣ ಪುಡಿ ಹಾಗೇ ಸಿಕ್ಕಿಕೊಂಡಿತು. ಕಡಲೆಕಾಳು ಗಾತ್ರದ ಕೆಂಪು ಗಂಟುಗಳು ತೇಲಿದವು. ತಮ್ಮ ಒಂದನ್ನು ಚಮಚದಲ್ಲಿ ಹಿಡಿದು ಹಲ್ಲಲ್ಲಿ ಕಚ್ಚಿದ. ಒಳಗಿನ ಪುಡಿ ಒಡೆದು ಉಪ್ಪು ಹುಳಿ ಒಟ್ಟಿಗೇ ಬಾಯಿಗೆ ಬಂದಿರಬೇಕು, ಮುಖ ಕಿವುಚಿದ.

"ಇನ್ನೊಂದು ಬಟ್ಟಲು ಇದೆಯಾ?" ಅಂತ ಕೇಳಿದ.